ಹಿಂದಲೆಯ ಲೆಕ್ಕ

ಕೂದಲು ಕಸಿಯ ಮಾತೆತ್ತಿದರೆ ಈಗ ಕೇಳಿಬರುವುದು, ಹಿಂದಲೆಯ ಬೇರುಗಳನ್ನು ಒಂದೊಂದಾಗಿ ತೆಗೆದು ನೆಡುವ ಎಫ್‌ಯುಇ ಎಂಬ ಒಂದೇ ಹೆಸರು. ಕತ್ತರಿಸುವುದಿಲ್ಲ, ಹೊಲಿಗೆಯಿಲ್ಲ, ಕಲೆ ಉಳಿಯುವುದಿಲ್ಲ ಎಂಬ ಭರವಸೆಯೂ ಅದರ ಹಿಂದೆಯೇ ಬರುತ್ತದೆ. ಹಿಂದಲೆಯಿಂದ ಚರ್ಮದ ಪಟ್ಟಿಯನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಬೇರು ಬೇರಾಗಿ ಬಿಡಿಸುವ ಎಫ್‌ಯುಟಿ ವಿಧಾನವನ್ನು ಹಳೆಯದೆಂದು ಬದಿಗೆ ಸರಿಸಿಯಾಗಿದೆ. ಈ ತೀರ್ಪು ತಪ್ಪು. ಎಫ್‌ಯುಇಗೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು, ಪಟ್ಟಿಗೆ ಅಂಟಿರುವ ಅಪಕೀರ್ತಿಗೆ ಅರ್ಧಕ್ಕರ್ಧ ಆಧಾರವಿಲ್ಲ.

ಗಂಡಸರ ಬೊಕ್ಕತಲೆಗೆ ಕಾರಣವೇನೆಂಬುದು ಬಹಳ ಹಿಂದೆಯೇ ಗೊತ್ತಾಗಿದೆ. ಹರೆಯಕ್ಕೆ ಮುನ್ನ ವೃಷಣ ಕಳೆದುಕೊಂಡವರ ತಲೆ ಬೋಳಾಗುವುದಿಲ್ಲ, ಆದರೆ ಅಂಥವರಿಗೆ ಟೆಸ್ಟೊಸ್ಟೆರೋನ್ ಕೊಟ್ಟರೆ ವಂಶದಲ್ಲಿ ಬೊಕ್ಕತಲೆ ಇರುವವರಿಗೆ ಕೂದಲು ಉದುರತೊಡಗುತ್ತದೆ ಎಂದು ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿದ್ದರು. ಆ ಹಾರ್ಮೋನಿನಿಂದ ಹುಟ್ಟುವ ಡಿಎಚ್‌ಟಿ, ಅದಕ್ಕೆ ಮಣಿಯುವ ಬೇರು, ವರ್ಷದಿಂದ ವರ್ಷಕ್ಕೆ ಸಣಕಲಾಗುತ್ತ ಹೋಗುವ ಎಳೆ: ಕಥೆ ಇಷ್ಟೇ. ಡಿಎಚ್‌ಟಿಯನ್ನು ತಗ್ಗಿಸುವ ಫಿನಾಸ್ಟರೈಡ್‌ಗೆ ಅಮೆರಿಕದಲ್ಲಿ ಕೂದಲಿಗೆಂದು ಅನುಮತಿ ಸಿಕ್ಕಿದ್ದು 1997ರಲ್ಲಿ. ಹಾಗಿದ್ದೂ ನಮ್ಮ ಆರೋಗ್ಯ ಅಂಕಣಗಳು ಹೆಲ್ಮೆಟ್ಟನ್ನೂ ಬೆಂಗಳೂರಿನ ಬೋರ್‌ವೆಲ್ ನೀರನ್ನೂ ದೂರುತ್ತಲೇ ಇವೆ. ಗಡಸು ನೀರು ಎಳೆಯನ್ನು ಒರಟು ಮಾಡೀತು, ಚರ್ಮದಡಿಯ ಬೇರನ್ನು ಅದು ಮುಟ್ಟಲಾರದು. ಹುಡುಗರು ಕೆಲಸಕ್ಕೆಂದು ಬೆಂಗಳೂರಿಗೆ ಬರುವುದು ಇಪ್ಪತ್ತೆರಡು ಇಪ್ಪತ್ತಮೂರರಲ್ಲಿ. ವಂಶದ ಬೊಕ್ಕತಲೆ ಮುಖ ತೋರಿಸುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಹಾಗಾಗಿ ತಪ್ಪು ನೀರಿನ ಮೇಲೆ ಬೀಳುತ್ತದೆ. ಜ್ವರ, ಬಾಣಂತನ, ಕೋವಿಡ್ ಕಳೆದು ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರುವ ಕೂದಲು ಬೇರೆ ಬಗೆಯದು. ಅದು ಸಾಮಾನ್ಯವಾಗಿ ತಾನೇ ಮರಳುತ್ತದೆ, ಅದಕ್ಕೆ ಕಸಿ ಬೇಕಿಲ್ಲ.

ಕಸಿಯ ವಿದ್ಯೆ ನಿಂತಿರುವುದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಖ್ 1959ರಲ್ಲಿ ಪ್ರಕಟಿಸಿದ ಒಂದು ತಿಳಿವಿನ ಮೇಲೆ. ಹಿಂದಲೆಯ ಬೇರು ಡಿಎಚ್‌ಟಿಗೆ ಮಣಿಯುವುದಿಲ್ಲ, ಅದನ್ನು ಮುಂದಲೆಗೆ ತಂದು ನೆಟ್ಟರೂ ಅದೇ ಗುಣದಿಂದ ಬೆಳೆಯುತ್ತದೆ. ಒರೆಂಟ್ರೈಖ್‌ಗೆ ಮೊದಲೇ, 1939ರಲ್ಲಿ, ಜಪಾನಿನ ಒಕುಡಾ ಸುಟ್ಟ ಗಾಯದ ಕಲೆಗಳ ಮೇಲೆ ಕೂದಲು ನೆಟ್ಟಿದ್ದರು. ಆದರೆ ಬೊಕ್ಕತಲೆಗೆ ಕಸಿ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಕೊಟ್ಟವರು ಒರೆಂಟ್ರೈಖ್. ಈ ತಿಳಿವಿಗೆ ಇನ್ನೊಂದು ಮಗ್ಗುಲಿದೆ, ಜಾಹೀರಾತುಗಳು ಅದನ್ನು ಹೇಳುವುದಿಲ್ಲ. ಕಸಿಯಿಂದ ತಲೆಯಲ್ಲಿ ಒಂದು ಕೂದಲೂ ಹೆಚ್ಚುವುದಿಲ್ಲ, ಇರುವುದು ಜಾಗ ಬದಲಿಸುತ್ತದೆ. ಸಸಿ ಕಿತ್ತ ಮಡಿಗೆ ರೈತ ಮತ್ತೆ ಬೀಜ ಚೆಲ್ಲಬಹುದು, ಹಿಂದಲೆಗೆ ಆ ಅವಕಾಶವಿಲ್ಲ.

ಹಿಂದಲೆಯ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 80 ಗೊಂಚಲುಗಳಿರುತ್ತವೆ, ಒಂದೊಂದರಲ್ಲಿ ಒಂದರಿಂದ ನಾಲ್ಕು ಎಳೆ. ಗ್ರಾಫ್ಟ್ ಎನ್ನುವುದು ಈ ಗೊಂಚಲನ್ನೇ. ಪೂರ್ತಿ ಬೊಕ್ಕತಲೆಯಾದರೆ ಬೋಳಾದ ಜಾಗ 200 ಚದರ ಸೆಂಟಿಮೀಟರ್ ದಾಟುತ್ತದೆ. ಸೆಂಟಿಮೀಟರಿಗೆ 35ರಂತೆ ನೆಟ್ಟರೂ 7000 ಗ್ರಾಫ್ಟ್ ಬೇಕು. ಹೆಚ್ಚಿನವರ ಹಿಂದಲೆ ಇಡೀ ಆಯುಷ್ಯದಲ್ಲಿ ಅಷ್ಟನ್ನು ಕೊಡಲಾರದು. ಆದ್ದರಿಂದ ಯಾವುದೇ ವಿಧಾನವನ್ನು ತೂಗುವಾಗ ಮೊದಲು ಕೇಳಬೇಕಾದದ್ದು, ಅದು ಹಿಂದಲೆಯನ್ನು ಹೇಗೆ ಬಳಸುತ್ತದೆ ಎಂದು.

ಎಫ್‌ಯುಇಯ ಕೆಲಸವನ್ನು ಹತ್ತಿರದಿಂದ ನೋಡಿ. ಸುಮಾರು 0.9 ಮಿಲಿಮೀಟರ್ ಅಗಲದ, ಕೊಳವೆಯಾಕಾರದ ಹರಿತವಾದ ಪಂಚ್ ಒಂದು ಗೊಂಚಲಿನ ಸುತ್ತ ತಿರುಗುತ್ತ ಚರ್ಮದೊಳಕ್ಕೆ ಇಳಿಯುತ್ತದೆ. ಎರಡು ಮೂರು ಮಿಲಿಮೀಟರ್ ಇಳಿದಾಗ ಕೂದಲಿಗೆ ಅಂಟಿಕೊಂಡ ಪುಟ್ಟ ಸ್ನಾಯುವಿನ ಹಿಡಿತ ಬಿಡುತ್ತದೆ, ಆಮೇಲೆ ಚಿಮಟದಿಂದ ಗ್ರಾಫ್ಟನ್ನು ಎಳೆದು ತೆಗೆಯುತ್ತಾರೆ. ತೊಡಕಿರುವುದು ಈ ಎರಡು ಮೂರು ಮಿಲಿಮೀಟರಿನಲ್ಲಿ. ಹೊರಗೆ ಕಾಣುವ ಕೂದಲಿನ ಓರೆಯೇ ಒಳಗೂ ಇರುತ್ತದೆ ಎಂದು ಹೇಳಲಾಗದು. ಬೇರು ಒಳಗೆ ಬಾಗಿರಬಹುದು, ಗೊಂಚಲಿನ ಎಳೆಗಳು ಕೆಳಗೆ ಕವಲೊಡೆದಿರಬಹುದು, ಗುಂಗುರು ಕೂದಲಾದರೆ ಇನ್ನೂ ಕಷ್ಟ. ಕಣ್ಣಿಗೆ ಕಾಣದ ಬೇರನ್ನು ಕೈಯ ಅಂದಾಜಿನ ಮೇಲೆ ಕತ್ತರಿಸಬೇಕು. ಓರೆ ಸ್ವಲ್ಪ ತಪ್ಪಿದರೂ ಬೇರು ತುಂಡಾಗುತ್ತದೆ. ಹಾಗೆ ತುಂಡಾದದ್ದರಲ್ಲಿ ಬಹಳಷ್ಟು ಮುಂದಲೆಯಲ್ಲೂ ಚಿಗುರುವುದಿಲ್ಲ, ಹಿಂದಲೆಯಲ್ಲೂ ಉಳಿಯುವುದಿಲ್ಲ. ನುರಿತ ವೈದ್ಯರ ಕೈಯಲ್ಲಿ ಈ ನಷ್ಟ ತೀರ ಕಡಿಮೆ. ಆದರೆ ಮೂರು ಸಾವಿರ ಸಲ ಅದೇ ಎಚ್ಚರ ಇರಬೇಕು, ಮತ್ತು ಎಷ್ಟೋ ಕಡೆ ಪಂಚ್ ಹಿಡಿಯುವವರು ವೈದ್ಯರೇ ಅಲ್ಲ. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ 22 ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ವರ್ಕ್‌ಶಾಪ್ ನೋಡಿ, ಯೂಟ್ಯೂಬ್ ನೋಡಿ ಕಲಿತರೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಬರೆದು ಹೇಳಬೇಕಾಗಿ ಬಂದದ್ದು 2022ರಲ್ಲಿ.

ಇನ್ನು ಕಲೆಯ ಮಾತು. 0.9 ಮಿಲಿಮೀಟರಿನ ಒಂದು ರಂಧ್ರ ತೆಗೆಯುವ ಚರ್ಮ ಸುಮಾರು 0.64 ಚದರ ಮಿಲಿಮೀಟರ್. ಮೂರು ಸಾವಿರ ರಂಧ್ರಗಳಿಗೆ ಅದು ಹತ್ತಿರ ಹತ್ತಿರ 19 ಚದರ ಸೆಂಟಿಮೀಟರ್ ಆಗುತ್ತದೆ. ಈ ರಂಧ್ರಗಳಿಗೆ ಹೊಲಿಗೆಯಿಲ್ಲ, ತೆರೆದೇ ಬಿಟ್ಟು ಮಾಯಿಸುತ್ತಾರೆ. ಮಾಯುವಾಗ ಕುಗ್ಗುತ್ತವೆ ನಿಜ, ಆದರೆ ಪ್ರತಿಯೊಂದೂ ಕೂದಲು ಬಾರದ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಕ್ಷೌರದಂಗಡಿಯಲ್ಲಿ ಒಂದನೇ ನಂಬರಿನ ಮೆಷಿನ್ ಹಾಕಿಸಿ ನೋಡಿದರೆ ಗೊತ್ತಾಗುತ್ತದೆ. ಅಷ್ಟೇ ಗ್ರಾಫ್ಟಿಗೆ ಪಟ್ಟಿ ತೆಗೆದರೆ ಎರಡು ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಚೆನ್ನಾಗಿ ಹೊಲಿದರೆ 28 ಸೆಂಟಿಮೀಟರ್ ಉದ್ದದ, ಎರಡು ಮಿಲಿಮೀಟರಿಗೆ ಮೀರದ ಗೆರೆಯೊಂದು ಉಳಿಯುತ್ತದೆ. ಒಟ್ಟು ಕಲೆ ಆರು ಚದರ ಸೆಂಟಿಮೀಟರಿಗೂ ಕಡಿಮೆ. ಒಂದರ ಕಲೆ ಚದುರಿದೆ, ಇನ್ನೊಂದರದ್ದು ಒಂದೆಡೆ ಸೇರಿದೆ. ಚದುರಿದ್ದನ್ನು ‘ಕಲೆಯಿಲ್ಲ’ ಎಂದು ಮಾರುವುದನ್ನು ನಾನು ಒಪ್ಪಲಾರೆ.

ಕಲೆಗಿಂತ ದೊಡ್ಡ ಚಿಂತೆ ಬೇರೆಯಿದೆ. ಎಫ್‌ಯುಇಯಲ್ಲಿ ಹಿಂದಲೆ ತೆಳುವಾಗಿ ಕಾಣಬಾರದೆಂದರೆ ನಾಲ್ಕರಲ್ಲಿ ಒಂದು ಗೊಂಚಲನ್ನಷ್ಟೇ ತೆಗೆಯಬೇಕು. ಆ ಲೆಕ್ಕದಲ್ಲಿ ಮೂರು ಸಾವಿರಕ್ಕೆ 150 ಚದರ ಸೆಂಟಿಮೀಟರ್ ಜಾಗ ಬೇಕು. ಡಿಎಚ್‌ಟಿಗೆ ಎಂದೂ ಮಣಿಯದ ಭದ್ರ ಭಾಗ ಎಲ್ಲರಲ್ಲೂ ಅಷ್ಟು ಅಗಲವಿಲ್ಲ. ಆಗ ಪಂಚ್ ಕುತ್ತಿಗೆಯ ಕಡೆಗೂ ನೆತ್ತಿಯ ಕಡೆಗೂ ಸರಿಯುತ್ತದೆ. ಅಲ್ಲಿಂದ ತಂದ ಕೂದಲು ಹತ್ತು ಹದಿನೈದು ವರ್ಷದಲ್ಲಿ ಮುಂದಲೆಯಿಂದಲೇ ಉದುರಿಹೋಗಬಹುದು. ಪಟ್ಟಿಯನ್ನಾದರೋ ಆ ಭದ್ರ ಭಾಗದ ನಟ್ಟನಡುವಿನಿಂದ ತೆಗೆಯುತ್ತಾರೆ, ಪ್ರತಿ ಬೇರನ್ನೂ ಸೂಕ್ಷ್ಮದರ್ಶಕದಡಿ ಕಣ್ಣಾರೆ ನೋಡಿ ಬಿಡಿಸುತ್ತಾರೆ.

ಎಫ್‌ಯುಇಗೆ ಸಲ್ಲಬೇಕಾದದ್ದೂ ಇದೆ. ಕೂದಲನ್ನು ತೀರ ಗಿಡ್ಡ ಬಿಡುವವರಿಗೆ, ಬಿಗಿ ಚರ್ಮದವರಿಗೆ, ಗಡ್ಡದಿಂದ ತಲೆಗೆ ತರಬೇಕಾದಾಗ ಅದೇ ಸರಿ. ಪಟ್ಟಿಯ ನಂತರ ಕೆಲವು ವಾರ ಬಿಗಿತ, ಮರಗಟ್ಟುವಿಕೆ ಇರುತ್ತದೆ. ಎಳೆದು ಹೊಲಿದರೆ ಗೆರೆ ಅಗಲವಾಗುತ್ತದೆ. ಇವೆಲ್ಲ ನಿಜ, ಆದರೆ ಮೇಲಿನ ಲೆಕ್ಕವನ್ನು ಇವು ಬದಲಿಸುವುದಿಲ್ಲ.

ಈ ಲೆಕ್ಕವನ್ನು ಹಾಕಬೇಕಾದವರು ವಿಮರ್ಶಕರು. ಅವರು ಹಾಕಲಿಲ್ಲ. ಒಂದು ಗುಂಪು ‘ಮೊದಲು, ಆಮೇಲೆ’ ಫೋಟೋಗಳನ್ನು ನಂಬಿಕೊಂಡಿದೆ. ಮುಂದಿನಿಂದ ತೆಗೆದ ಫೋಟೋ ಮುಂದಲೆಯನ್ನಷ್ಟೇ ತೋರಿಸುತ್ತದೆ, ಬೆಲೆ ತೆತ್ತ ಹಿಂದಲೆ ಅದರಲ್ಲಿ ಬರುವುದೇ ಇಲ್ಲ. ಇನ್ನೊಂದು ಗುಂಪು ಇದೆಲ್ಲ ದೇಹದ ಮೋಹ, ಇದ್ದುದನ್ನು ಒಪ್ಪಿಕೊಳ್ಳಿ ಎಂದು ಬುದ್ಧಿ ಹೇಳುತ್ತದೆ. ಇವರ ಬಾಯಲ್ಲಿ 2017ರ ‘ಒಂದು ಮೊಟ್ಟೆಯ ಕಥೆ’ ಸದಾ ಬರುತ್ತದೆ. ರಾಜ್ ಬಿ. ಶೆಟ್ಟಿಯವರ ಚಿತ್ರವನ್ನು ಒಪ್ಪಿಗೆಯ ಉಪದೇಶವಾಗಿ ಓದುವುದು ಅದನ್ನು ಕಿರಿದು ಮಾಡಿದಂತೆ. ಅದರ ನಾಯಕನಾದ ಮಂಗಳೂರಿನ ಕನ್ನಡ ಮೇಷ್ಟ್ರಿಗೆ ಕೂದಲಿಲ್ಲದ್ದು ನಿಜವಾಗಿ ನೋಯುತ್ತದೆ, ಅದೇ ಮನುಷ್ಯ ಹೆಣ್ಣಿನ ರೂಪವನ್ನು ಅಳೆಯುತ್ತಾನೆ. ಚಿತ್ರದ ಬಲವೆಲ್ಲ ಆ ನೋವನ್ನು ಸುಳ್ಳೆನ್ನದೆ ಉಳಿಸಿಕೊಂಡದ್ದರಲ್ಲಿದೆ. ಮದುವೆಯ ಮಾತುಕತೆಯಲ್ಲಿ ಫೋಟೋ ನೋಡಿ ಬೇಡವೆನ್ನಿಸಿಕೊಂಡ ಹುಡುಗನ ಬಯಕೆಯನ್ನು ಮೋಹವೆಂದು ತಳ್ಳಿಹಾಕುವುದು ಸುಲಭ. ತಳ್ಳಿಹಾಕಿದ ಮೇಲೆ ಅವನ ತಲೆಯ ಮೇಲೆ ನಡೆಯುವ ಕೆಲಸವನ್ನು ಪರೀಕ್ಷಿಸುವ ಗೊಡವೆಗೇ ಇವರು ಹೋಗುವುದಿಲ್ಲ. ಆ ಪರೀಕ್ಷೆ ಇಲ್ಲದ್ದರಿಂದಲೇ ಗ್ರಾಫ್ಟಿಗೆ ಇಷ್ಟು ರೂಪಾಯಿ ಎಂಬ ದರ ಪ್ರಶ್ನೆಯಿಲ್ಲದೆ ನಡೆಯುತ್ತಿದೆ. ಮೂರೆಳೆಯ ಗೊಂಚಲನ್ನು ಮೂರಾಗಿ ಸೀಳಿದರೆ ಬಿಲ್ಲು ಮೂರು ಪಟ್ಟು, ಕೂದಲು ಅಷ್ಟೇ.

ಇಪ್ಪತ್ತೈದರ ಹುಡುಗನಿಗೆ ಮೊದಲು ಬೇಕಾದದ್ದು ವೈದ್ಯರ ನಿಗಾದಲ್ಲಿ ವರ್ಷಕಾಲ ಔಷಧ. ಕೆಲವರಲ್ಲಿ ಫಿನಾಸ್ಟರೈಡ್ ಲೈಂಗಿಕ ಆಸಕ್ತಿಯನ್ನು ಕುಗ್ಗಿಸುತ್ತದೆ ಎಂಬುದನ್ನು ಅವನಿಗೆ ಮೊದಲೇ ಹೇಳಿರಬೇಕು. ಕಸಿ ಕಾರಣವನ್ನು ತಡೆಯುವುದಿಲ್ಲ, ನೆಟ್ಟ ಸಾಲಿನ ಹಿಂದಿನ ಸ್ವಂತ ಕೂದಲು ಉದುರುತ್ತಲೇ ಇರುತ್ತದೆ. ಆಮೇಲೂ ಕಸಿ ಬೇಕೆನಿಸಿದರೆ, ಬೋಳು ದೊಡ್ಡದಾಗುವ ಲಕ್ಷಣವಿದ್ದು ಕೂದಲನ್ನು ಒಂದಿಂಚಾದರೂ ಬಿಡುವವನಿಗೆ ಮೊದಲು ಪಟ್ಟಿ ತೆಗೆಯಬೇಕು, ಎಫ್‌ಯುಇ ಅದರ ನಂತರ. ಪಟ್ಟಿಯ ಗೆರೆಯ ಮೇಲೂ ಕೆಳಗೂ ಪಂಚ್ ಹಾಕಬಹುದು, ಗೆರೆಯೊಳಗೂ ಕೂದಲು ನೆಡಬಹುದು. ಮೊದಲೇ ಪಂಚ್ ಹಾಕಿ ತೆಳುವಾದ ಹಿಂದಲೆಯಿಂದ ಪಟ್ಟಿ ತೆಗೆದರೆ ಅಷ್ಟೇ ಉದ್ದದ ಗಾಯಕ್ಕೆ ಸಿಗುವ ಗ್ರಾಫ್ಟ್ ಕಡಿಮೆ, ಚರ್ಮದಡಿಯ ಕಲೆಗಳ ನಡುವೆ ಬೇರು ಬಿಡಿಸುವುದೂ ಕಷ್ಟ.