ಟೋನಿ ಅಯೋಮಿಯನ್ನು ಕೇಳುವ ಬಗೆ

ಹೆವಿ ಮೆಟಲ್ ಎಂದರೆ ಬರೀ ಅಬ್ಬರ ಎಂದುಕೊಂಡಿದ್ದರೆ, ‘ಬ್ಲ್ಯಾಕ್ ಸಬ್ಬತ್’ ತಂಡದ ಅದೇ ಹೆಸರಿನ ಹಾಡಿನಿಂದ ಶುರುಮಾಡಿ. 1970ರ ಫೆಬ್ರುವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್‌ನ ಮೊದಲ ಹಾಡು ಅದು. ಮಳೆಯ ಸದ್ದು, ದೂರದ ಗಂಟೆ, ಆಮೇಲೆ ಗಿಟಾರ್. ನುಡಿಯುವುದು ಮೂರೇ ಸ್ವರ: ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ನಮಗೆ ಮಂಗಳಕರವಾಗಿ ಕೇಳುವ ಪ್ರತಿಮಧ್ಯಮವೇ ಇದು. ಇಲ್ಲಿ ಪಂಚಮದ ಆಸರೆಯಿಲ್ಲದೆ ಒಂಟಿಯಾಗಿ ನಿಂತು ನಡುಗುತ್ತದೆ. ಎದೆ ಝಲ್ಲೆನ್ನುವುದು ಅಲ್ಲಿ.

ಆ ಸ್ವರ ಹಿಡಿದ ಬೆರಳುಗಳ ಕಥೆ ತಿಳಿದರೆ ಕೇಳುವ ರೀತಿಯೇ ಬದಲಾಗುತ್ತದೆ. 1948ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ, ಈ ತಂಡದ ಗಿಟಾರ್ ವಾದಕ ಅಯೋಮಿ ಎಡಚರು. ತಂತಿ ಒತ್ತುವುದು ಬಲಗೈಯಿಂದ. ಹದಿನೇಳರ ಹರೆಯದಲ್ಲಿ, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, ಆ ಕೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದವು. ಕುಗ್ಗಿಹೋಗಿದ್ದ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕರು ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದರು. ಬೆಂಕಿ ಅವಘಡದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ಜಾಜ್ ಲೋಕವನ್ನು ಗೆದ್ದ ಗಿಟಾರ್ ವಾದಕ ಆತ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ಚರ್ಮದ ತುಂಡು ಅಂಟಿಸಿದರು. ಅದರಡಿ ತಂತಿಯ ಸ್ಪರ್ಶ ತಿಳಿಯದು. ಎಷ್ಟು ಒತ್ತಬೇಕೆಂದು ಕಿವಿಯೇ ಹೇಳಬೇಕು. ಬೆರಳಿಗೆ ಹಗುರಾಗಲೆಂದು ತೆಳುತಂತಿ ಕಟ್ಟಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹಲವು ಹಾಡುಗಳಿಗೆ ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದರು. ಸಡಿಲಾದ ತಂತಿ ಬೆರಳಿಗೆ ಹಿತ, ನಾದಕ್ಕೆ ಭಾರ. ಮುಂದೆ ಮೆಟಲ್ ನುಡಿಸಿದ ಅಸಂಖ್ಯ ತಂಡಗಳು ಹಿಡಿದದ್ದು ಇದೇ ಜಾಡು.

ಆದ್ದರಿಂದ ವೇಗ ಹುಡುಕಬೇಡಿ. ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಪುಟ್ಟ ಸ್ವರಗುಚ್ಛ, ಮುಗಿದು ಮತ್ತೆ ಎತ್ತಿಕೊಳ್ಳುವ ನಡುವಿನ ಬಿಡುವನ್ನು ಗಮನಿಸಿ. ಇದೇ ತಂಡದ ‘ಐರನ್ ಮ್ಯಾನ್’ ಹಾಡಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ತಂಡದ ಗೀಜರ್ ಬಟ್ಲರ್ ಅವರ ಬೇಸ್, ಅಯೋಮಿಯ ಗಿಟಾರಿಗೆ ಅಂಟಿಕೊಂಡೇ ನಡೆಯುವುದನ್ನೂ ಹಿಡಿಯಿರಿ.

ಗಾಯಕರು ಬಂದರು, ಹೋದರು. 1979ರಲ್ಲಿ ಓಜಿ ಆಸ್‌ಬೋರ್ನ್ ಅವರನ್ನು ತಂಡದಿಂದ ತೆಗೆಯಲಾಯಿತು, ರಾನಿ ಜೇಮ್ಸ್ ಡಿಯೋ ಬಂದರು. ಎಲ್ಲ ಕಾಲದಲ್ಲೂ ತಂಡದಲ್ಲಿ ಉಳಿದವರು ಅಯೋಮಿ ಒಬ್ಬರೇ. 2012ರಲ್ಲಿ ಕ್ಯಾನ್ಸರ್ ಪತ್ತೆಯಾದರೂ ಗಿಟಾರ್ ಕೆಳಗಿಡಲಿಲ್ಲ. 2025ರ ಜುಲೈ 5ರಂದು ಮೂಲ ನಾಲ್ವರೂ ತಮ್ಮೂರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಕೊನೆಯ ಬಾರಿ ನುಡಿಸಿದರು.

1970ರ ‘ಪ್ಲಾನೆಟ್ ಕ್ಯಾರವಾನ್’ ಹಾಡು ಕೂಡ ಈ ತಂಡದ್ದೇ. ಅದರ ಕೊನೆಯ ಮೆಲುದನಿಯ ಗಿಟಾರ್‌ನಲ್ಲಿ ನನಗೆ ಜ್ಯಾಂಗೋ ನೆನಪಾಗುತ್ತಾರೆ. ಅದನ್ನು ಕೇಳದೆ ಅಯೋಮಿಯ ಬಗ್ಗೆ ತೀರ್ಮಾನಕ್ಕೆ ಬರಬೇಡಿ.