ಹೆರಿಗೆ ನೋವಿಗೆ ಆಕ್ಯುಪಂಕ್ಚರ್: ಅಳೆದದ್ದೇನು?

‘ಸೂಜಿ ಚುಚ್ಚಿಸಿಕೊಂಡರೆ ಹೆರಿಗೆ ನೋವು ಕಡಿಮೆಯಾಗುತ್ತದಂತೆ, ನಿಜವೇ?’ ಯಲಹಂಕದ ವಿದ್ಯಾರ್ಥಿನಿಯೊಬ್ಬಳು ತನ್ನ ಅಕ್ಕನಿಗಾಗಿ ಕೇಳಿದಳು. ಚುಚ್ಚಿದಾಗ ದೇಹದಲ್ಲಿ ಎಂಡಾರ್ಫಿನ್ ಸ್ರವಿಸಿ ನೋವು ತಗ್ಗುತ್ತದೆಂಬುದು ಪ್ರತಿಪಾದಕರ ವಿವರಣೆ. ವಿವರಣೆ ಒಪ್ಪುವಂತಿದ್ದ ಮಾತ್ರಕ್ಕೆ ಪರಿಣಾಮ ಸಿದ್ಧವಾಗದು.

ಸ್ವೀಡನ್ನಿನಲ್ಲಿ 303 ಚೊಚ್ಚಲ ಗರ್ಭಿಣಿಯರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಕೈಯಿಂದ ತಿರುಗಿಸಿದ ಸೂಜಿ, ವಿದ್ಯುತ್ ಹಾಯಿಸಿದ ಸೂಜಿ, ಸೂಜಿಯಿಲ್ಲದ ಮಾಮೂಲು ಆರೈಕೆ – ಮೂರೂ ಗುಂಪಿನ ತಾಯಂದಿರು ಹೇಳಿದ ನೋವಿನ ಮಟ್ಟ ಹೆಚ್ಚುಕಡಿಮೆ ಒಂದೇ. ಆದರೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆ ಪಡೆದವರು ಮಾಮೂಲು ಗುಂಪಿನಲ್ಲಿ ಶೇ. 70, ವಿದ್ಯುತ್ ಗುಂಪಿನಲ್ಲಿ ಶೇ. 46. ಪ್ರಚಾರದಲ್ಲಿ ಎರಡನೆಯ ಸಂಗತಿಯನ್ನಷ್ಟೇ ಹೇಳಿದರೆ ಅದು ಅರ್ಧಸತ್ಯ. ಯಾರಿಗೆ ಸೂಜಿ ಎಂಬುದು ತಾಯಿಗೂ ಶುಶ್ರೂಷಕಿಗೂ ಗೊತ್ತಿತ್ತಲ್ಲ! ಇಳಿಕೆ ಸೂಜಿಯದೋ, ಸಿಕ್ಕ ಗಮನದ್ದೋ?

ಆಕ್ಯುಪಂಕ್ಚರ್, ಆಕ್ಯುಪ್ರೆಶರ್‌ಗಳ 28 ಪ್ರಯೋಗಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ಸಮೀಕ್ಷೆಯೂ ಇಂಥದೇ ಚಿತ್ರ ಕೊಡುತ್ತದೆ. ತೋರಿಕೆಯ ಚುಚ್ಚುವಿಕೆಗೆ ಹೋಲಿಸಿದರೆ ನೋವಿನ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ನೋವಿನ ಔಷಧಿಯ ಬಳಕೆ ಮಾತ್ರ ತಗ್ಗುವಂತಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಎಪಿಡ್ಯೂರಲ್, ಮಾಲೀಸು, ಶಾಖ, ಜೊತೆಗಾರರ ಆಸರೆ ಇವೆ, ಸೂಜಿಯಿಲ್ಲ. ಸರ್ಕಾರಿ ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಲು ಕೇಂದ್ರ ಸರ್ಕಾರ 2016ರಲ್ಲೇ ಅನುಮತಿ ನೀಡಿದೆ. ‘ನಿಮ್ಮಮ್ಮ ಒಳಗೆ ಇರಬಹುದೇ ಎಂದು ಮೊದಲು ಆಸ್ಪತ್ರೆಯಲ್ಲಿ ಕೇಳಮ್ಮ’ ಎಂದೆ.