ದಾನಚಿಂತಾಮಣಿಯ ಹೆಸರು, ಬೀಗರ ಲೆಕ್ಕ

ಜೈನ ಸಮಾರಂಭಗಳಲ್ಲಿ ದಾನದ ಪ್ರಸ್ತಾಪ ಬಂದೊಡನೆ ಅತ್ತಿಮಬ್ಬೆಯ ಹೆಸರು ಬಾರದಿರುವುದು ವಿರಳ. ಆದರೆ ಆಕೆಯ ಕೈಯಿಂದ ಏನು ಹೊರಟಿತು, ಅದು ಯಾರನ್ನು ಸೇರಿತು ಎಂದು ರನ್ನನ ಕಾವ್ಯದ ಬೆಳಕಿನಲ್ಲಿ ವಿಚಾರಿಸುವವರು ಇನ್ನೂ ವಿರಳ.

ಕ್ರಿ.ಶ. 993ರಲ್ಲಿ ರಚಿತವಾದ 'ಅಜಿತಪುರಾಣ' ಎರಡನೆಯ ತೀರ್ಥಂಕರರ ಚರಿತೆ. ಜೊತೆಗೆ ಆಶ್ರಯದಾತೆಯ ಪ್ರಶಸ್ತಿಯೂ ಹೌದು. ಸಾವಿರ ಪ್ರತಿಗಳು, ಸಾವಿರದ ಐನೂರು ಜಿನಬಿಂಬಗಳು ಎಂಬ ಸಂಖ್ಯೆಗಳು ಭಾಷಣಕಾರರ ನಾಲಗೆಯ ಮೇಲೆ ಸದಾ ನಲಿಯುತ್ತವೆ. ಇದರಲ್ಲಿ ಕವಿಯ ಪಾಲಿನ ಹೊಣೆಯೂ ಇದೆ. ಆಶ್ರಯದಾತೆಯ ಗುಣಗಳನ್ನು ಉಪಮೆಗಳ ಮೇಲೆ ಉಪಮೆ ಪೇರಿಸಿ ಹೊಗಳುವಾಗ ಓದುಗನ ಕಣ್ಣು ಪ್ರಮಾಣದ ಕಡೆಗೆ ಸರಿಯುತ್ತದೆ, ದಾನದ ದಿಕ್ಕು ಮರೆಯಾಗುತ್ತದೆ. ಆ ದಿಕ್ಕನ್ನು ಗಮನಿಸಬೇಕು. ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ. ಅದೇ ಗ್ರಂಥದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಮಗಳು. ತವರು ಕೊಟ್ಟದ್ದು ಶಾಸ್ತ್ರ. ಮಗಳು ಅದನ್ನು ಸಾವಿರ ಮಡಿ ಮಾಡಿ ಲೋಕಕ್ಕೆ ಸಲ್ಲಿಸಿದಳು. ಮರಳಿ ಬರಬೇಕಾದ ಬಾಕಿ ಅದರಲ್ಲಿ ಏನೂ ಇರಲಿಲ್ಲ.

ಇದರ ಪಕ್ಕದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಇಂದಿನ ಸಂಸಾರಗಳನ್ನು ಇಟ್ಟು ನೋಡಬೇಕು. ಬಿಜೂರಿನಂತಹ ಊರಿನಲ್ಲಿ ತೋಟದ ಆದಾಯವನ್ನು ನಂಬಿದ ತವರಿಗೂ, ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಬೀಗರಿಗೂ ಸಂಬಂಧ ಕೂಡಿದಾಗ ಕೊಡುವುದು ಮದುವೆಯ ದಿನಕ್ಕೆ ಮುಗಿಯುವುದಿಲ್ಲ. ಮೊದಲ ದೀಪಾವಳಿ, ಸೀಮಂತ, ತೊಟ್ಟಿಲು, ಗೃಹಪ್ರವೇಶ ಎಂದು ಪಟ್ಟಿ ಬೆಳೆಯುತ್ತದೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. 'ಹಿರಿಯ ಸೊಸೆಯ ತವರಿನವರು ಇಷ್ಟು ತಂದಿದ್ದರು' ಎಂಬ ಒಂದು ಮಾತು ಸಾಕು. ತಂದ ಸೀರೆಯ ಅಂಚನ್ನು ಮುಟ್ಟಿ ನೋಡಿ ಬದಿಗಿಡುವ ಅತ್ತೆಯ ಮೌನವೂ ಸೊಸೆಗೆ ಕೇಳಿಸುತ್ತದೆ. ಕಡೆಗೆ, ಈ ಹಬ್ಬಕ್ಕೆ ಬರುವುದೇ ಬೇಡವೆಂದು ಮಗಳು ತಾಯಿಗೆ ಹೇಳಿಕಳುಹಿಸುವಂತಾಗುತ್ತದೆ. ಎರಡು ಮನೆಗಳನ್ನು ಬೆಸೆಯಬೇಕಾದ ಉಡುಗೊರೆ ತಾಯಿ ಮಗಳನ್ನೇ ಅಗಲಿಸುತ್ತದೆ.

ದೋಷ ಪಡೆಯುವವರದು ಮಾತ್ರವೇ ಅಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ ಮಾತ್ಸರ್ಯವನ್ನೂ ಎಣಿಸಿದೆ. ಇನ್ನೊಬ್ಬ ದಾನಿಯ ಮೇಲಣ ಹುರುಡಿನಿಂದ ಕೊಡುವುದೂ ಕಳಂಕವೇ. ಆ ವ್ರತ ಸತ್ಪಾತ್ರರಿಗೆ ಸಂಬಂಧಿಸಿದ್ದಾದರೂ ಹುರುಡಿನ ಸ್ವರೂಪ ಬೀಗರ ಮನೆಯಲ್ಲಿ ಬದಲಾಗದು. ಮರಳಿ ಬರಲೆಂದು ಕೊಟ್ಟದ್ದಕ್ಕೆ ನಾಡಿನ ಮಾತಿನಲ್ಲಿ ಮುಯ್ಯಿ ಎಂದು ಹೆಸರು. ಖಾತೆಪುಸ್ತಕದಲ್ಲಿ ಅದು ಸಾಲ. ಸಾಲ ಕೊಡುವುದು ತಪ್ಪಲ್ಲ, ಸಾಲವನ್ನು ದಾನದ ಅಂಕಣದಲ್ಲಿ ಬರೆಯುವುದು ತಪ್ಪು. ಇನ್ನು ಸದಾ ಒಂದೇ ಕಡೆಗೆ ಹರಿಯುವುದು ಮುಯ್ಯಿಯೂ ಅಲ್ಲ, ಅದು ಕಪ್ಪ.

ಇದು ಹಿರಿಯರ ಸಂಪ್ರದಾಯವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಕರಾವಳಿಯ ಅನೇಕ ಜೈನ ಕುಟುಂಬಗಳು ಅನುಸರಿಸುತ್ತಿದ್ದ ಅಳಿಯಸಂತಾನ ಕಟ್ಟಿನಲ್ಲಿ ವಂಶವು ಹೆಣ್ಣಿನ ಮೂಲಕ ಸಾಗುತ್ತಿತ್ತು, ಮದುವೆಯಾದ ಮೇಲೂ ಆಕೆಯ ಹಕ್ಕು ತವರಿನಲ್ಲಿಯೇ ಉಳಿಯುತ್ತಿತ್ತು. ಹೆಣ್ಣು ಕೊಟ್ಟವರು ಸದಾ ಋಣಿಗಳೆಂಬ ಭಾವನೆ ಆ ಕಟ್ಟಿಗೆ ಹೊಂದುವುದಿಲ್ಲ.

ಕಾನೂನು ಎಲ್ಲವನ್ನೂ ಸರಿಪಡಿಸೀತೆಂದು ಕಾಯುವುದೂ ವ್ಯರ್ಥ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಡಿ 1985ರಲ್ಲಿ ಬಂದ ನಿಯಮಗಳು ಮದುವೆಯ ಉಡುಗೊರೆಗಳ ಪಟ್ಟಿ ಬರೆದು ವಧೂವರರಿಬ್ಬರೂ ಸಹಿ ಮಾಡಬೇಕೆನ್ನುತ್ತವೆ. ಸ್ತ್ರೀಧನ ಹೆಣ್ಣಿನ ಸ್ವಂತದ್ದೆಂದು ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಸ್ಪಷ್ಟಪಡಿಸಿತು. ಆದರೆ ಮಗುವಿನ ಜನನವೇ ಮೊದಲಾದ ಸಂದರ್ಭಗಳ ವಾಡಿಕೆಯ ಕೊಡುಗೆ ವರದಕ್ಷಿಣೆಯೆನಿಸದು ಎಂದು 2001ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಕಾನೂನಿನ ಕೈ ನಿಲ್ಲುವ ಆ ಸ್ಥಳದಲ್ಲಿಯೇ ಶ್ರಾವಕಧರ್ಮದ ಹೊಣೆ ಆರಂಭವಾಗುತ್ತದೆ.

ಪರಿಗ್ರಹಪರಿಮಾಣ ವ್ರತವನ್ನು ಬಲ್ಲ ಸಮಾಜಕ್ಕೆ ಉಡುಗೊರೆಗೂ ಪರಿಮಾಣವಿಡುವುದು ಕಠಿಣವಾಗದು. ನಿಶ್ಚಿತಾರ್ಥದ ದಿನವೇ ಉಭಯ ಕುಟುಂಬಗಳು ಮಿತಿಯನ್ನು ಒಪ್ಪಿಕೊಳ್ಳಲಿ. ಆ ಮಾತನ್ನು ಗಂಡಿನ ಕಡೆಯ ಹಿರಿಯರೇ ಮೊದಲು ಆಡಲಿ, ಏಕೆಂದರೆ ಹೆಣ್ಣಿನ ತಂದೆ ಆಡಿದರೆ ಅದು ಜಿಪುಣತನವೆನಿಸುತ್ತದೆ. ಬಸದಿಯ ಟ್ರಸ್ಟುಗಳು ತೊಟ್ಟಿಲ ದಿನದ ಚಿನ್ನಕ್ಕೆ ಬದಲಾಗಿ ಮಗುವಿನ ಹೆಸರಿನಲ್ಲಿ ಶಾಸ್ತ್ರದಾನ, ಔಷಧದಾನಗಳಿಗೆ ಅವಕಾಶ ಕಲ್ಪಿಸಲಿ. ಮೊತ್ತವನ್ನು ಧ್ವನಿವರ್ಧಕದಲ್ಲಿ ಸಾರದಿರಲಿ. ಮುಂದಿನ ದೀಪಾವಳಿಗೆ ತಾಯಿಯೊಬ್ಬಳು ಬರಿಗೈಯಲ್ಲಿ ಮಗಳ ಮನೆಯ ಮೆಟ್ಟಿಲೇರಿ, ಅತ್ತೆಯ ಕೈಯಿಂದಲೇ ನೀರು ಬೆಲ್ಲ ಪಡೆಯುವಂತಾದರೆ, ಅಂದು ದಾನಚಿಂತಾಮಣಿಯ ಹೆಸರೆತ್ತುವ ಅರ್ಹತೆ ಆ ಮನೆಗೆ ಬಂದಂತೆ.